ತುಪ್ಪ ಹಾಕಿದ ಮೆಂತೆ ಗಂಜಿ

ತೆಂಗಿನ ಹಾಲಿನಲ್ಲಿ ಮೆಂತೆ ಬೇಯುವ ವಾಸನೆ ಯಾರ ಮನೆಯಿಂದ ಬಂದರೂ ನನಗೆ ಇವತ್ತಿಗೂ ನಾವುಂದದ ನಮ್ಮ ಮನೆಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಅಮ್ಮ ಪಿತ್ತಕೋಶ ತೆಗೆಸಿಕೊಂಡು ಆಸ್ಪತ್ರೆಯಿಂದ ಬಂದಿದ್ದಳು. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದ. ಕೇರಿಯವರೆಲ್ಲ ಮೀನಿಗೆಂದು ಕಡಲ ಬದಿಗೆ ಹೋಗಿ ಸುತ್ತಮುತ್ತ ಬಿಕೋ ಎನ್ನುತ್ತಿತ್ತು. ಅಜ್ಜಿ ಅಮ್ಮನನ್ನು ಬಾಣಂತಿಯರ ಕತ್ತಲೆ ಕೋಣೆಯಲ್ಲಿ ಮಲಗಿಸಿ, ತಲೆಗೆ ಬಟ್ಟೆ ಕಟ್ಟಿ, ಬಿಸಿ ಬಟ್ಟಲು ತಂದಿಟ್ಟಳು. ಮೆಂತೆ ಗಂಜಿಯ ಮೇಲೆ ತುಪ್ಪ ಹೊಳೆಯುತ್ತಿತ್ತು.

"ಡಾಕ್ಟ್ರ್ ತುಪ್ಪ, ತೆಂಗಿನ ಹಾಲ್ ಎಲ್ಲ ಈಗ ಬ್ಯಾಡ ಅಂದಿರ್ ಅತ್ತೆ. ಗಂಜಿ ತೆಳಿ ಸಾಕ್," ಅಂದಳು ಅಮ್ಮ.

"ಹೊಟ್ಟೆ ಕೊಯ್ದವ್ಳ್ ಬಾಣ್ತಿ ಅಲ್ದೆ ಮತ್ತೆಂತ?" ಅಜ್ಜಿ ಗದರಿದಳು. ಆಮೇಲೆ ಗೋಡೆ ನೋಡುತ್ತ ಮೆಲ್ಲಗೆ ಅಂದಳು, "ಆ ಸಲ ಶಿಶು ಉಳಿಲಿಲ್ಲ ಅಂದೇಳಿ ನಾ ಇದ್ ಮಾಡಿ ಕೊಡ್ಲಿಲ್ಲ. ಈಗ ಆದ್ರೂ ಉಣ್ಣ್."

ಅವಳು ಹೋದ ಮೇಲೆ ನಾನು ಚಾಪೆಯ ಆಚೆ ಬದಿಗೆ ಬಗ್ಗಿ ನೋಡಿದೆ. ಮಡಚಿಟ್ಟ ಹಳೆ ಸೀರೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

"ಈ ಸಲವೂ ಶಿಶು ಇಲ್ಯಾ ಅಮ್ಮ?"

ಅಮ್ಮ ಒಂದು ಚಮಚ ಗಂಜಿ ಬಾಯಿಗಿಟ್ಟುಕೊಂಡು ತುಂಬ ಹೊತ್ತು ನುಂಗದೆ ಕೂತಳು. ಬಳಿಕ ಬಟ್ಟಲನ್ನು ನನ್ನತ್ತ ಸರಿಸಿದಳು. ಕಹಿ ಕಹಿಯಾಗಿದ್ದರೂ ನಾನು ತಳ ಕಾಣುವವರೆಗೆ ಉಂಡೆ.

ಅಡುಗೆಮನೆಯಿಂದ ಅಜ್ಜಿ ಕೂಗಿ ಕೇಳಿದಳು, "ಪೂರಾ ಉಂಡ್ಯಾ?"

ಅಮ್ಮ ಸೆರಗಿನಿಂದ ನನ್ನ ಬಾಯಿ ಒರೆಸುತ್ತ ಅಂದಳು, "ಹೌದ್ ಅತ್ತೆ, ಪೂರಾ ಉಂಡೆ."