ಪರದೆಯ ಮೇಲಿನ ಶ್ರೀ

ನರ್ಸಿಂಗ್ ಕಾಲೇಜಿನಲ್ಲಿ ಅಂದು ಮೊದಲ ಕಂಪ್ಯೂಟರ್ ಪರೀಕ್ಷೆ. ಉತ್ತರಪತ್ರಿಕೆಯ ಮೇಲೆ ‘ಶ್ರೀ’ ಬರೆಯದೆ ಎಂದೂ ಪರೀಕ್ಷೆ ಶುರುಮಾಡದ ಚಂಪಾವತಿ, ಮಾನಿಟರಿನ ಅಂಚಿಗೆ ಪೆನ್ನಿನಿಂದ ಬರೆದೇಬಿಟ್ಟಳು.

“ನರ್ಸ್ ಆಗೋಳಿಗೆ ಇದೆಂಥ ಮೂಢನಂಬಿಕೆ? ಸ್ಪಿರಿಟ್ ಹಚ್ಚಿ ಒರೆಸೇ!” ಎಂದು ರೇಗಿದರು, ಕಾವಲಿಗಿದ್ದ ವನಮಾಲಾ ಮೇಡಂ.

“ಪರೀಕ್ಷೆ ಮುಗಿಸಿ ಒರೆಸ್ತೀನಿ ಮೇಡಂ.”

ಮುಗಿದೊಡನೆ ಪರದೆಯ ಮೇಲೆ ಅಂಕ ಮೂಡಿತು. ಸದಾ ಜಸ್ಟ್ ಪಾಸ್ ಆಗುತ್ತಿದ್ದವಳಿಗೆ ತೊಂಬತ್ತೇಳು! ಅವಳು ಸ್ಪಿರಿಟ್ ಹತ್ತಿ ಕೈಗೆತ್ತಿಕೊಂಡಳು.

“ಇರ್ಲಿ ಬಿಡು, ಆಮೇಲೆ ನಾನೇ ಒರೆಸ್ತೀನಿ,” ಎಂದರು ಮೇಡಂ.

ಮರುವಾರ ಅದೇ ಕೋಣೆಯಲ್ಲಿ ಬೋಧಕರಿಗೆ ಬಡ್ತಿ ಪರೀಕ್ಷೆ. ಉಳಿದವರು ಒಳಗೆ ಕಾಲಿಡುವ ಹೊತ್ತಿಗೆ, ‘ಶ್ರೀ’ ಇದ್ದ ಕಂಪ್ಯೂಟರಿನ ಮುಂದಿನ ಕುರ್ಚಿಯ ಮೇಲೆ ವನಮಾಲಾ ಮೇಡಂ ಅವರ ಕರ್ಚೀಫ್ ಆಗಲೇ ಬಿದ್ದಿತ್ತು.