ಬೊಚ್ಚನ ಬಣ್ಣ

ಬಕೆಟ್ಟನ್ನು ಅವನು ಅಕ್ವೇರಿಯಂ ಅಂಗಡಿಯ ಮೇಜಿನ ಮೇಲೆ ಕುಕ್ಕಿದ. ನೀರು ತುಳುಕಿ ಅಂಗಡಿಯವನ ಚಹಾ ಲೋಟಕ್ಕೆ ಬಿತ್ತು.

“ನಿಮ್ಮ ಔಷಧಿ ಹಾಕಿದ್ಮೇಲೇ ಇದು ಬಿಳುಚ್ಕೊಳ್ತಿದೆ. ಸತ್ತರೆ ಅಂಗಡೀಲಿ ಒಂದು ಗಾಜೂ ಉಳಿಯಲ್ಲ.”

“ಉಳೀದಿದ್ರೆ ನಾನೂ ಮನೆಗೆ ಹೋಗಿ ಮಲಗ್ತೀನಿ ಬಿಡಪ್ಪ,” ಎಂದು ಅಂಗಡಿಯವನು ಮುಚ್ಚಳ ತೆಗೆದ.

ಒಳಗೆ ಆಕ್ಸೊಲಾಟಲ್, ನೀರಲ್ಲೇ ಬಾಳುವ ಹಲ್ಲಿಯಂಥ ಜೀವಿ. ನಾಲ್ಕು ಪುಟ್ಟ ಕಾಲು, ಕುತ್ತಿಗೆಯ ಎರಡೂ ಬದಿಗೆ ಗರಿಯಂಥ ಕಿವಿರು, ಸುಮ್ಮನಿದ್ದರೂ ನಕ್ಕಂತೆ ಕಾಣುವ ಬಾಯಿ. ತಂಗಿ ಇದಕ್ಕೆ ಬೊಚ್ಚ ಎಂದು ಹೆಸರಿಟ್ಟಿದ್ದಳು. ಅವಳು ತೀರಿಕೊಂಡ ಮೇಲೆ ಅವನೂ ಅಮ್ಮನೂ ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟಿದ್ದರು. ನೋಡಿದರೆ ಅವಳ ಮೂಗು, ಅವಳ ಹುಬ್ಬು ಕಾಣುತ್ತಿತ್ತು. ಇಬ್ಬರೂ ಬೊಚ್ಚನನ್ನೇ ನೋಡುತ್ತಿದ್ದರು.

ಅಮ್ಮ ಊಟ ಅರ್ಧಕ್ಕೆ ಬಿಡುತ್ತಿದ್ದಳು, ಬೊಚ್ಚನ ಹುಳು ತಪ್ಪಿಸುತ್ತಿರಲಿಲ್ಲ. ತೊಟ್ಟಿಯ ತಣ್ಣೀರಿಗೆ ಮೈಯೆಲ್ಲ ತುರಿಸುತ್ತದೆ ಎಂದು ಕೆರೆದುಕೊಳ್ಳುತ್ತಲೇ ನೀರು ಬದಲಿಸುತ್ತಿದ್ದಳು. “ಇದೂ ಹೋದ್ರೆ ನನ್ನ ಎಬ್ಬಿಸ್ಬೇಡ ಕಣೋ,” ಎಂದಿದ್ದಳು, ಬಾಗಿಲು ಹಾಕ್ಕೋ ಎನ್ನುವಷ್ಟೇ ತಣ್ಣಗೆ.

ಅವನು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವನು. ಶಾಲೆ ಅರ್ಧಕ್ಕೇ ಕೈಕೊಟ್ಟಿದ್ದರೂ ಕಣ್ಣು ಯಾವತ್ತೂ ಕೈಕೊಟ್ಟಿರಲಿಲ್ಲ. ಒಂದು ಬಣ್ಣ ಅಳೆಯಬೇಕಾದರೆ ಪಕ್ಕದಲ್ಲಿ ಗೊತ್ತಿರುವ ಇನ್ನೊಂದು ಬಣ್ಣ ಬೇಕು. ಅದಕ್ಕೇ ಪ್ರತಿ ಭಾನುವಾರ, ಅದೇ ಕಿಟಕಿಯ ಬೆಳಕಿನಲ್ಲಿ, ಬೊಚ್ಚನ ಪಕ್ಕ ಅಮ್ಮನ ಅಂಗೈ ಹಿಡಿಸಿ ಫೋಟೊ ತೆಗೆಯುತ್ತಿದ್ದ.

ಅಂಗಡಿಯವನು ನೀರು ಪರೀಕ್ಷಿಸಿದ. ಒಂದು ಹುಳು ಬಿಟ್ಟ. ಬೊಚ್ಚ ಗಬಕ್ಕನೆ ನುಂಗಿತು.

“ನೀರು ಸರಿಯಾಗಿದೆ. ಕಾಯಿಲೆ ಬಿದ್ರೆ ಮೊದಲು ಕಿವಿರು ಬಣ್ಣ ಬಿಡುತ್ತೆ, ಇದರದ್ದು ಕೆಂಪಗೇ ಇದೆ. ಕಪ್ಪು ಜಾತಿಯವು ತೊಟ್ಟಿ ತಳ ನೋಡ್ಕೊಂಡು ನಿಧಾನಕ್ಕೆ ಬಣ್ಣ ಬದಲಾಯಿಸ್ತವೆ. ಇದು ಹುಟ್ಟಾ ಬಿಳಿ.”

“ನನಗೆ ಬಣ್ಣದ ಪಾಠ ಹೇಳ್ಬೇಡಿ.” ಅವನು ಫೋನು ಮುಂದೆ ತಳ್ಳಿದ. “ಮೊದಲನೇದ್ರಲ್ಲಿ ಅಮ್ಮನ ಕೈಗೂ ಇದಕ್ಕೂ ಅಂಥಾ ವ್ಯತ್ಯಾಸ ಇಲ್ಲ. ಹೋದ ವಾರದ್ದು ನೋಡಿ. ಪಕ್ಕದಲ್ಲಿ ಹೆಣದ ಥರ ಬೆಳ್ಳಗೆ ಕಾಣ್ತಿದೆ.”

ಅಂಗಡಿಯವನು ಕನ್ನಡಕ ಹಾಕಿಕೊಂಡ. ಅಂಗೈ ಮರೆಯಾಗುವಂತೆ ಹೆಬ್ಬೆರಳಿಟ್ಟು, ಬೊಚ್ಚನನ್ನಷ್ಟೇ ನೋಡುತ್ತ ಫೋಟೊಗಳನ್ನು ಸರಿಸಿದ. ಆಮೇಲೆ ಹೆಬ್ಬೆರಳನ್ನು ಬೊಚ್ಚನ ಮೇಲಿಟ್ಟು ಮತ್ತೆ ಮೊದಲಿಂದ ಸರಿಸಿದ. ಈ ಸಲ ನಡುನಡುವೆ ನಿಂತ.

“ಏನು, ಉಳಿಯುತ್ತೋ ಇಲ್ವೋ ಹೇಳಿ.”

ಅಂಗಡಿಯವನು ಹೆಬ್ಬೆರಳು ತೆಗೆಯದೆಯೇ ಫೋನನ್ನು ಅವನ ಕಡೆ ತಿರುಗಿಸಿದ.

“ಬೊಚ್ಚ ಮೊದಲಿದ್ದ ಹಾಗೇ ಇದ್ದಾನಪ್ಪ. ಅಮ್ಮನ ಕೈ ಯಾವಾಗಿಂದ ಇಷ್ಟು ಹಳದಿ?”