ದೇಣಿಗೆಯ ಜೊತೆಗೊಂದು ಸಾಲು

ರಾಡಿನ ಮೊದಲ ಏಟಿಗೆ ಕಂಪ್ಯೂಟರ್ ಪುಡಿಯಾಯಿತು, ಮರು ಏಟಿಗೆ ಇಂದುಮತಿಯ ಮುಂಗೈ ಮುರಿಯಿತು. ಗಂಡನ ಹೊಡೆತ ತಿನ್ನುವ ಹೆಂಗಸರಿಗಾಗಿ ಅವಳು ಸಂಬಳವಿಲ್ಲದೆ ಒಂದು ಆನ್‌ಲೈನ್ ಬಳಗ ನಡೆಸುತ್ತಿದ್ದಳು.

“ನನ್ನ ಹೆಂಡ್ತಿ ಓಡೋಗೋಕೆ ಬಸ್ ಚಾರ್ಜ್ ಕೊಟ್ಟೋರು ಯಾರೇ? ಬೊಗಳು!” ಮನೆಗೆ ನುಗ್ಗಿದ್ದವನು ಅಬ್ಬರಿಸಿದ.

“ಬಳಗದೋರೇ ಕೈಲಾದಷ್ಟು ಹಾಕ್ತಾರೆ. ಹೆಸರು ಯಾರೂ ಹಾಕಲ್ಲ, ದುಡ್ಡಿನ ಜೊತೆ ಒಂದು ಸಾಲು ಬರೀತಾರೆ, ಅಷ್ಟೇ.”

ಅವನು ಜಡೆ ಹಿಡಿದು ಅವಳ ತಲೆಯನ್ನು ಗೋಡೆಗೆ ಅಪ್ಪಳಿಸಿದ. ಅವಳ ಬಾಯಿತುಂಬ ರಕ್ತ. ಅಷ್ಟರಲ್ಲಿ ನೆಲಕ್ಕೆ ಬಿದ್ದಿದ್ದ ಮೊಬೈಲ್ ಟಿಣ್ ಎಂದಿತು. ಬಳಗಕ್ಕೆ ಹೊಸ ದೇಣಿಗೆ ಬಂದಿತ್ತು. ಅವನೇ ಎತ್ತಿಕೊಂಡು ಗಟ್ಟಿಯಾಗಿ ಓದಿದ:

“ಒಂದು ರೂಪಾಯಿ. ‘ನನ್ನ ಮಗ ರಾಡ್ ಹಿಡ್ಕೊಂಡು ನಿಮ್ಮನೆ ಕಡೇನೇ ಬರ್ತಾವ್ನೆ, ಬೇಗ ಬಾಗ್ಲು ಹಾಕ್ಕೊ ತಾಯಿ.’”